ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ

ಆ ವಿಡಿಯೊವನ್ನು ನಾನು ಇವತ್ತಿಗೂ ಒಬ್ಬನೇ ನೋಡುವುದಿಲ್ಲ.

ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನ ಗಣಿ ಕಚೇರಿಯಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಹೋದ ವರ್ಷ ಜನವರಿಯ ಒಂದು ಬೆಳಿಗ್ಗೆ ಸುರಕ್ಷತಾ ಅಧಿಕಾರಿ ಡಲ್ಸಿ ಕೂಗಿದರು: “ನೆವಿಲ್, ಮೀಟಿಂಗ್ ಆ್ಯಪ್ ತೆರೀತಾನೇ ಇಲ್ಲ ಕಣೋ. ಹತ್ತಕ್ಕೆ ಮೀಟಿಂಗು. ಹಳೇ ಸುರಂಗಕ್ಕೆ ಜನ ಇಳಿಸಬೇಡಿ ಅಂತ ನಾನು ಹೇಳ್ಲೇಬೇಕು.”

ಆ್ಯಪ್ ಅಳಿಸಿ ಮತ್ತೆ ಹಾಕಿದೆ. ‘ನೀವು ಈಗಾಗಲೇ ಮೀಟಿಂಗ್‌ನಲ್ಲಿದ್ದೀರಿ’ ಎಂದಷ್ಟೇ ಬಂತು. ಹೊರಗೆ ಸುಡುಬಿಸಿಲು, ಕೀಬೋರ್ಡ್ ಮಾತ್ರ ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು.

“ಹತ್ತು ಅಂದ್ರೆ ಸಿಡ್ನಿ ಹತ್ತಾ?” ಎಂದೆ. ನಮ್ಮೂರ ಗಡಿಯಾರ ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ. ಡಲ್ಸಿ ಹಣೆ ಚಚ್ಚಿಕೊಂಡರು. ನಮ್ಮಲ್ಲೇ ಹತ್ತಕ್ಕೆ ಐದು ನಿಮಿಷವಿತ್ತು.

ಸಿಡ್ನಿ ಕಚೇರಿಯ ಗ್ರೆಟಾಗೆ ಫೋನ್ ಮಾಡಿದೆ. ಅವಳು ನಕ್ಕಳು: “ತಮಾಷೆ ಮಾಡ್ತೀಯಾ? ಡಲ್ಸಿ ಇಪ್ಪತ್ತೈದು ನಿಮಿಷದಿಂದ ಮೀಟಿಂಗಲ್ಲೇ ಇದಾರೆ. ಜನ ಇಳಿಸಿ ಅಂತ ಈಗ ತಾನೇ ಒಪ್ಕೊಂಡ್ರು. ಅವರ ಹಿಂದೆ ನಿಂತು ಹಲ್ಲು ಕಿರೀತಾ ಇರೋನು ನೀನೇ ಅಲ್ವಾ!”

ಡಲ್ಸಿ ಫೋನ್ ಕಿತ್ತುಕೊಂಡು, ಕಿರುಚಾಡಿ, ಜನ ಇಳಿಯುವುದನ್ನು ತಡೆದರು. ಮಧ್ಯಾಹ್ನ ಸುರಂಗ ಕುಸಿಯಿತು.

ಆ ಮೀಟಿಂಗ್ ರೆಕಾರ್ಡ್ ಆಗಿತ್ತು. ವಿಡಿಯೊದಲ್ಲಿ ನನ್ನ ಮೈಮೇಲಿರುವುದು ತೋಳಿಗೆ ಕೆಂಪು ಪಟ್ಟಿಯಿರುವ ನೀಲಿ ಅಂಗಿ. ಅಂಥದ್ದು ನನ್ನ ಬಳಿ ಇರಲೇ ಇಲ್ಲ.

ಮೊನ್ನೆ ಶನಿವಾರ ಹೆಂಡತಿ ಅದನ್ನೇ ಕೊಂಡು ತಂದಳು.