ಕನ್ನಡಿಯಲ್ಲಿ ಕಾಣದ ಬಿಳುಪು

ಔಷಧಿ ಅಕ್ಕ ಬಾಗಿಲು ತಟ್ಟದೆ ಒಳಗೆ ಬಂದದ್ದು ಅದೇ ಮೊದಲು. ಜ್ವರಕ್ಕೆ, ಕಜ್ಜಿಗೆ, ನಿದ್ದೆ ಬಾರದ್ದಕ್ಕೆ ಬೀದಿಯವರೆಲ್ಲ ಅವಳ ಅಂಗಡಿಗೆ ಓಡುತ್ತಿದ್ದರು. ಅವಳೇ ಓಡಿ ಬಂದಳೆಂದರೆ ಸಂಗತಿ ಸಣ್ಣದಲ್ಲ ಎಂದು ಆ ಮನೆಯಲ್ಲಿ ಮಾವನ ಜೊತೆಗಿದ್ದ ಅಳಿಯನಿಗೆ ಆಗಲೇ ಅನಿಸಿತು. ಅವನು ತಿದ್ದುತ್ತಿದ್ದ ಪ್ರೂಫ್ ಹಾಳೆಗಳನ್ನು ಸರಿಸಿ ಕುರ್ಚಿ ಎಳೆದುಕೊಟ್ಟ. ಒಳಗಿನಿಂದ ಅವನ ಸೋದರಮಾವ ಕನ್ನಡಕ ಒರೆಸುತ್ತ ಬಂದರು.

ಈ ಮಾವ ನಲವತ್ತು ವರ್ಷ ನಾಟಕದವರ ಮುಖಕ್ಕೆ ಬಣ್ಣ ಹಚ್ಚಿದವರು. ಬೀದಿಗೆಲ್ಲ ಅವರು ‘ಬಣ್ಣದ ಮಾವ’. ಬಣ್ಣ ಹಚ್ಚಿ ಗೊತ್ತಿದ್ದವರಿಗೆ ಬಣ್ಣ ಬಯಲು ಮಾಡುವುದೂ ಗೊತ್ತಿರಬೇಕು, ಬೀದಿಯ ಐದಾರು ಕಗ್ಗಂಟುಗಳನ್ನು ಅವರೇ ಬಿಡಿಸಿದ್ದರು. ಪ್ರತಿ ಸಲವೂ ಅಳಿಯ ಜೊತೆಗಿದ್ದ, ಪ್ರತಿ ಸಲವೂ ತಪ್ಪು ಮನುಷ್ಯನ ಕಡೆಗೆ ಬೆರಳು ತೋರಿಸಿದ್ದ.

"ನಾಲ್ಕು ಗಂಟೆಗೆ ನನ್ನ ಅಂಗಡಿಗೆ ಬೀಗ ಬೀಳತ್ತೆ ಮಾವ," ಎಂದಳು ಔಷಧಿ ಅಕ್ಕ. "ನಾನು ವಿಷ ಮಾರಿದೆ ಅಂತ ದೂರು."

ವಿಷಯ ಹೀಗಿತ್ತು. ಬೀದಿಯ ತುದಿಯ ಮನೆಯ ಸರ್ವೇಯರ್ ಹೆಂಗಸಿಗೆ ಬಿಸಿಲು ತಾಗಬಾರದ ಕಾಯಿಲೆ. ತಾಗಿದರೆ ಚರ್ಮ ಸುಡುತ್ತದೆ, ಜ್ವರ ಏರುತ್ತದೆ, ಕಿಡ್ನಿಗೂ ಕುತ್ತು. ಹಾಗೆಂದು ಜಾಗ ಅಳೆಯುವವಳು ನೆರಳಲ್ಲಿ ಕೂತರೆ ಕೆಲಸ ಉಳಿದೀತೇ? ಟೋಪಿ, ಉದ್ದ ತೋಳು, ಅದರ ಜೊತೆಗೆ ಔಷಧಿ ಅಕ್ಕ ತಾನೇ ಎಣ್ಣೆಯಲ್ಲಿ ಕಲಸಿ ಕೊಡುವ ಸತುವಿನ ಸನ್‌ಸ್ಕ್ರೀನ್. ಸತುವಿನ ಪುಡಿ ಚರ್ಮದ ಮೇಲೆ ಕೂತು ಬಿಸಿಲು ತಡೆಯುತ್ತದೆ. ಅದರ ದೋಷ ಒಂದೇ, ಕಪ್ಪು ಮುಖದ ಮೇಲೆ ಸುಣ್ಣದ ಹಾಗೆ ಬೆಳ್ಳಗೆ ಉಳಿಯುವುದು. ಹೋದ ತಿಂಗಳು ಆ ಹೆಂಗಸು ಬಂದು, ಬಿಳಿ ಕಾಣದ್ದು ಇದೆಯೇ ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ್ದಳು. ಯಾರೋ ಏನೋ ಅಂದಿದ್ದರು, ಯಾರೆಂದು ಅವಳು ಹೇಳಲಿಲ್ಲ.

ಅಕ್ಕ ಅದಕ್ಕಾಗಿ ಸಾಕಷ್ಟು ತಲೆ ಕೆಡಿಸಿಕೊಂಡಿದ್ದಳು. ಇನ್ನೂ ನುಣುಪಾದ ಪುಡಿ ತರಿಸಿ, ಚಿಟಿಕೆ ಕಂದು ಬಣ್ಣ ಬೆರೆಸಿ, ಕಿಟಕಿಯ ಬೆಳಕಿನಲ್ಲಿ ಅವಳ ದವಡೆಯ ಮೇಲೆ ಮೂರು ಬಗೆ ಹಚ್ಚಿ ನೋಡಿ, ಮೈಬಣ್ಣದಲ್ಲಿ ಕರಗಿದ್ದನ್ನು ಆರಿಸಿದ್ದಳು. ಹಚ್ಚುವುದನ್ನೂ ಕಲಿಸಿದ್ದಳು. ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು. ಮುಖಕ್ಕೆ ಮೊದಲೇ ಹಚ್ಚಿದ ಬೇರೆ ಕ್ರೀಮು ಮೈಗೆ ಹಿಡಿಯುವ ತನಕ ಕಾಯಬೇಕು. ಆಮೇಲೆ ಎರಡು ಬೆರಳುದ್ದ ತೆಗೆದುಕೊಂಡು ಚುಕ್ಕೆ ಚುಕ್ಕೆ ಇಟ್ಟು, ಉಜ್ಜದೆ ಒತ್ತಬೇಕು, ತೆಳ್ಳಗೆ ಎರಡು ಸಲ.

"ಇಷ್ಟೆಲ್ಲ ಮಾಡಿದ್ರೂ ಹತ್ತಿರದಿಂದ ನೋಡಿದ್ರೆ ಚೂರು ಬಿಳಿ ಇದ್ದೇ ಇರತ್ತೆ ಅಂತಾನೂ ಹೇಳಿದ್ದೆ," ಎಂದಳು.

ಶನಿವಾರ ಬಾಟಲಿ ಕೊಟ್ಟದ್ದು. ಮುಂದಿನ ಶುಕ್ರವಾರ ಮೂರು ತಾಸು ಬಯಲಿನಲ್ಲಿ ನಿಂತ ಹೆಂಗಸು ಸಂಜೆಗೆ ಆಸ್ಪತ್ರೆ ಸೇರಿದಳು. ಅವಳ ಗಂಡ, ಮರದ ಸಾಮಾನಿಗೆ ಹೊಳಪು ಕೊಡುವ ಪಾಲಿಶ್ ಮೇಸ್ತ್ರಿ, ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದು ದೂರು ಕೊಟ್ಟ. ಔಷಧ ಇನ್‌ಸ್ಪೆಕ್ಟರ್ ಬಾಟಲಿ ಪರೀಕ್ಷೆ ಮಾಡಿಸಿದರೆ ಅದರಲ್ಲಿ ಸತುವೇ ಇಲ್ಲ. ಅದರ ಬದಲು ಏನು ಬೆರೆತಿದೆಯೋ ತಿಳಿಯದೆ ಬಲವಾದ ಔಷಧಿ ಕೊಡಲು ಡಾಕ್ಟರಿಗೆ ಧೈರ್ಯವಿಲ್ಲ. ಇತ್ತ ಜ್ವರ ಇಳಿಯುತ್ತಿಲ್ಲ.

ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಮಾವ ಚಪ್ಪಲಿ ಮೆಟ್ಟಿದರು.

ಆಸ್ಪತ್ರೆಯಲ್ಲಿ ಆ ಹೆಂಗಸು ಹಾಸಿಗೆಯ ಮೇಲಿದ್ದಳು. ಕೆನ್ನೆ ಸುಲಿದಿತ್ತು, ತುಟಿ ಊದಿತ್ತು. ಗಂಡ ಹೊರಗಿನ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಮೂರು ದಿನದಿಂದ ಅವನು ಒಳಗೆ ಬಂದು ನಿಂತದ್ದೇ ಕಡಿಮೆ ಎಂದು ನರ್ಸು ಹೇಳಿದಳು.

ಹೆಂಗಸು ಮೆಲ್ಲಗೆ ಮಾತಾಡಿದಳು. ಮಂಗಳವಾರ ಬಾಟಲಿಯನ್ನು ಆಫೀಸಿನ ಮೇಜಿನ ಡ್ರಾಯರಿನಲ್ಲೇ ಮರೆತಿದ್ದಳು. ಬುಧವಾರ ಬೆಳಗ್ಗೆ ಅಲ್ಲೇ ಹಚ್ಚಿಕೊಂಡು ಕೆಲಸಕ್ಕೆ ಹೋದಾಗ, ಕಿವಿಯ ಹತ್ತಿರ ಬಿಳಿ ಇದೆ, ಒರೆಸಿಕೊಳ್ಳಿ ಎಂದು ಜೊತೆಯ ಸರ್ವೇಯರ್ ಹೇಳಿದ್ದ. ಸಂಜೆ ಬಾಟಲಿ ಮನೆಗೆ ಬಂತು. ಗುರುವಾರ ರಜೆ, ಹಚ್ಚಲಿಲ್ಲ.

"ಶುಕ್ರವಾರ ಕನ್ನಡೀಲಿ ನೋಡ್ಕೊಂಡ್ರೆ ಬಿಳಿ ಒಂಚೂರೂ ಇರ್ಲಿಲ್ಲ," ಎಂದಳು. "ತೆಳ್ಳಗೆ ಬಂತು, ಚೆನ್ನಾಗಿ ಕುಲುಕಿದ್ದಕ್ಕೆ ಅಂದ್ಕೊಂಡೆ. ಅಂತೂ ಕೈ ಪಳಗಿತು ಅಂತ ಖುಷಿಯಾಯ್ತು ನನಗೆ."

ಬಾಟಲಿಯಲ್ಲಿ ಅವತ್ತು ಅರ್ಧಕ್ಕಿಂತ ಕಡಿಮೆ ಇತ್ತಂತೆ, ಬ್ಯಾಗಿನಲ್ಲಿ ಚೆಲ್ಲಿರಬೇಕು ಎಂದುಕೊಂಡಳಂತೆ. ಅಳಿಯ ಬ್ಯಾಗನ್ನು ತಿರುವಿ ನೋಡಿದ. ಕಪ್ಪು ಬಟ್ಟೆಯ ಒಳಪದರದಲ್ಲಿ ಒಂದು ಕಲೆಯೂ ಇರಲಿಲ್ಲ. ಅಲ್ಲಿಗೇ ಬಂದಿದ್ದ ಇನ್‌ಸ್ಪೆಕ್ಟರ್ ತೋರಿಸಿದ ಬಾಟಲಿಯನ್ನು ಮಾವ ಬೆಳಕಿಗೆ ಹಿಡಿದರು, ಮೂಸಿದರು, ಜೊತೆಗೆ ಬಂದಿದ್ದ ಔಷಧಿ ಅಕ್ಕನಿಗೂ ಮೂಸಲು ಕೊಟ್ಟರು. ಒಳಗಿದ್ದದ್ದು ತಿಳಿಯಾದ ಎಣ್ಣೆ. ವಾಸನೆ ತನ್ನದೇ ಎಂದು ಅವಳು ಒಪ್ಪಿಕೊಂಡಳು.

ಅಳಿಯನ ಗುಮಾನಿಯೆಲ್ಲ ಜೊತೆಯ ಸರ್ವೇಯರ್ ಮೇಲೆ. ಹಿರಿಯ ಹುದ್ದೆಗೆ ಇಬ್ಬರ ನಡುವೆ ಪೈಪೋಟಿ ಇತ್ತು, ಡ್ರಾಯರಿಗೆ ಬೀಗವಿರಲಿಲ್ಲ. ಆಫೀಸಿಗೆ ಹೋಗಿ ಕೇಳಿದರೆ ಆತ ಪೈಪೋಟಿಯನ್ನು ಮುಚ್ಚಿಡಲಿಲ್ಲ. ಶುಕ್ರವಾರ ಅವಳ ಮುಖ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು, ಕೇಳಬೇಕೆಂದುಕೊಂಡೆ, ಕೇಳಲಿಲ್ಲ ಎಂದು ತಲೆ ತಗ್ಗಿಸಿದ.

"ಇವನೇ," ಎಂದ ಅಳಿಯ ಬೀದಿಗೆ ಇಳಿದ ಕೂಡಲೇ.

"ಸರಿ, ಹಾಗಾದ್ರೆ ಇವನಲ್ಲ ಅಂತ ಖಾತ್ರಿಯಾಯ್ತು," ಎಂದರು ಮಾವ.

ಮೇಸ್ತ್ರಿಯ ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ಪಿರಿಟ್ಟಿನ ಘಾಟು ತುಂಬಿತ್ತು. ಆಸ್ಪತ್ರೆಗೆ ಹೆಂಡತಿಯ ಬಟ್ಟೆ ಒಯ್ಯಲು ಬಂದಿದ್ದ ಅವನೇ ಬಾಗಿಲು ತೆಗೆದ. ಔಷಧಿ ಅಕ್ಕನ ಪರ ಬಂದಿದ್ದೀರಾ ಎಂದು ಮೊದಲು ಗುರುಗುಟ್ಟಿದ, ಆಮೇಲೆ ಹಿರಿಯರೆಂದು ದಾರಿ ಬಿಟ್ಟ. ಹಲಗೆಯ ಮೇಲೆ ಪಾಲಿಶ್ ಬಾಟಲಿಗಳು ಸಾಲಾಗಿ ನಿಂತಿದ್ದವು. ಅಳಿಯನ ಮೊಣಕೈ ಒಂದಕ್ಕೆ ತಾಗಿತು.

"ಅಲುಗಾಡಿಸ್ಬೇಡಿ," ಎಂದು ಮೇಸ್ತ್ರಿ ಬಾಟಲಿಯನ್ನು ಹಿಡಿದುಕೊಂಡ. "ಎರಡು ರಾತ್ರಿಯಿಂದ ಕೂತಿದೆ ಅದು. ಕೆಳಗಿನ ಗಷ್ಟು ಎದ್ರೆ ಹಲಗೆ ಮೇಲೆಲ್ಲ ಮಚ್ಚೆ."

ತಂತಿಯ ಮೇಲೆ ಸೋಸುವ ಬಟ್ಟೆಗಳು ಒಣಗುತ್ತಿದ್ದವು. ಒಂದರ ಮೇಲೆ ಕಂದು ಮಿಶ್ರಿತ ಬಿಳಿ ಪೊರೆ. ಮರದ ಸಣ್ಣ ತೂತು ಮುಚ್ಚಲು ಪಾಲಿಶ್‌ನವರು ಬಳಸುವ ಚಾಕ್‌ಪುಡಿ ಇರಬೇಕು ಎಂದು ಅಳಿಯ ತನ್ನ ಜಾಣತನವನ್ನು ಪಿಸುಗುಟ್ಟಿದ. ಮಾವ ಅದರ ಮೇಲೆ ನೀರು ಚಿಮುಕಿಸಿದರು. ನೀರು ಹನಿಯಾಗಿ ಉರುಳಿ ಕೆಳಗೆ ಬಿತ್ತು. ಎಣ್ಣೆ ತಾಗಿದ ಬೆರಳಿನಿಂದ ತಿಕ್ಕಿದರೆ ಬಿಳಿ ಬೆರಳಿಗೆ ಬಂತು. ಅವರು ಆ ಬೆರಳನ್ನೇ ಬಹಳ ಹೊತ್ತು ನೋಡಿದರು. ಮಾವನ ಮುಖ ಅಷ್ಟು ಬಾಡಿದ್ದನ್ನು ಅಳಿಯ ಹಿಂದೆ ನೋಡಿರಲಿಲ್ಲ.

ಮೂರೂವರೆಗೆ ಆಸ್ಪತ್ರೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಹಾಸಿಗೆಯ ಮೇಲೆ ಹೆಂಗಸು, ಕಾಲ ಬಳಿ ಡಾಕ್ಟರು, ಕಿಟಕಿಯಲ್ಲಿ ಬೀಗಮುದ್ರೆಯ ಚೀಲ ಹಿಡಿದ ಇನ್‌ಸ್ಪೆಕ್ಟರ್, ಜೊತೆಯ ಸರ್ವೇಯರ್, ಔಷಧಿ ಅಕ್ಕ. ಮೇಸ್ತ್ರಿ ಬಾಗಿಲಿನಲ್ಲೇ ನಿಂತ.

"ಮೊದ್ಲು ಡಾಕ್ಟ್ರಿಗೆ," ಎಂದರು ಮಾವ. "ಬಾಟಲೀಲಿ ಬೇರೆ ಏನೂ ಬೆರೆತಿಲ್ಲ. ಅದು ಅಕ್ಕನ ಎಣ್ಣೇನೇ. ಯಾರೂ ಏನೂ ಹಾಕಿಲ್ಲ, ಯಾರೋ ಏನೋ ತೆಗೆದಿದಾರೆ."

ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಕೆಟ್ಟ ಮನಸ್ಸಿನವನು ಬಾಟಲಿ ಬದಲಿಸಿದ್ದರೆ ತುಂಬಿಸಿಯೇ ಇಡುತ್ತಿದ್ದ, ವಾಸನೆಯೂ ಬೇರೆಯಾಗುತ್ತಿತ್ತು. ಇಲ್ಲಿ ವಾಸನೆ ಅದೇ, ಅರ್ಧ ಮಾತ್ರ ಮಾಯ. ಚೆಲ್ಲಿಹೋಗಿದೆ ಎನ್ನಲು ಬ್ಯಾಗಿನಲ್ಲಿ ಕಲೆಯಿಲ್ಲ. ಮಂಗಳವಾರ ರಾತ್ರಿಯೆಲ್ಲ ಆಫೀಸಿನ ಡ್ರಾಯರಿನಲ್ಲಿದ್ದ ಮೇಲೂ, ಬುಧವಾರ, ಕಿವಿಯ ಹತ್ತಿರ ಬಿಳಿ ಕಂಡಿತ್ತು. ಅಲ್ಲಿಯವರೆಗೆ ಸತು ಬಾಟಲಿಯಲ್ಲೇ ಇತ್ತು, ಹಾಗಾಗಿ ಜೊತೆಯ ಸರ್ವೇಯರ್ ನಿರ್ದೋಷಿ, ಸರಿಯಾಗಿ ಮಾಡಿಕೊಟ್ಟ ಅಕ್ಕನೂ ನಿರ್ದೋಷಿ. ಶುಕ್ರವಾರ ಬಿಳಿ ಇರಲಿಲ್ಲ, ಮುಖ ಎಣ್ಣೆಯಂತೆ ಮಿಂಚಿತು. ನಡುವಿನ ಎರಡು ರಾತ್ರಿ ಬಾಟಲಿ ಮನೆಯಲ್ಲಿತ್ತು.

"ನಾಟಕದ ಬಿಳಿ ಬಣ್ಣಾನೂ ಸತುವೇ," ಎಂದರು ಮಾವ. "ಎಣ್ಣೇಲಿ ಕಲಸಿ ಸುಮ್ನೆ ಬಿಟ್ರೆ ತಳಕ್ಕೆ ಕೂರತ್ತೆ. ಅದಕ್ಕೇ ಕುಲುಕಿ ಅಂತ ಹೇಳೋದು. ಆದ್ರೆ ಇನ್ನೊಂದು ಕಸುಬಿದೆ. ಅದರಲ್ಲಿ ಕುಲುಕೋದೇ ತಪ್ಪು. ಕೂರಿಸಿ, ಮೇಲಿನ ತಿಳೀನ ಬಟ್ಟೇಲಿ ಬಸಿದು, ಗಷ್ಟು ಚೆಲ್ಲೋದೇ ಅಚ್ಚುಕಟ್ಟು ಕೆಲಸ. ಚಾಕ್‌ಪುಡಿ ನೀರು ಕುಡಿಯತ್ತೆ. ಎಣ್ಣೇಲಿ ಕಲಸಿದ ಸತು ನೀರನ್ನ ಉರುಳಿಸತ್ತೆ. ಶೆಡ್ಡಲ್ಲಿ ಒಣಗ್ತಿರೋ ಬಟ್ಟೆ ನೀರನ್ನ ಉರುಳಿಸ್ತು."

ಅವರು ಬಾಗಿಲ ಕಡೆ ತಿರುಗಲಿಲ್ಲ. ಯಾರ ಹೆಸರನ್ನೂ ಎತ್ತಲಿಲ್ಲ. ಮಾವ ಅಪರಾಧಿಗೆ ತಾನೇ ಒಪ್ಪಿಕೊಳ್ಳಲು ಜಾಗ ಬಿಡುವುದನ್ನು ಅಳಿಯ ಅವತ್ತು ಕಂಡ.

"ನಾನೇ," ಎಂದ ಮೇಸ್ತ್ರಿ. ದನಿ ಒಡೆದಿತ್ತು. "ಸುಣ್ಣ ಹೊಡೆದ ಗೋಡೆ ಥರ ಕಾಣ್ತೀಯ ಅಂತ ಒಂದಿನ ನಗೆಯಾಡಿದ್ದೆ. ಅವಳು ಅತ್ತಿದ್ಲು. ಆ ಮಾತಿಗೆ ಏನಾದ್ರೂ ಮಾಡಬೇಕು ಅನ್ಸಿತ್ತು. ಬಿಳೀದೆಲ್ಲ ಗಷ್ಟು ಅಂದ್ಕೊಂಡು ಬಸಿದು ಚೆಲ್ಲಿದೆ. ಬಿಸಿಲು ತಡೆಯೋದು ಅದೇ ಅಂತ ಗೊತ್ತಿರ್ಲಿಲ್ಲ. ತಿಳಿಯಾದ್ದೇ ಒಳ್ಳೇದು ಅಂತಾನೇ ಇಷ್ಟು ವರ್ಷ ಕೆಲಸ ಮಾಡಿದ್ದು."

ಡಾಕ್ಟರು ಆಗಲೇ ನರ್ಸಿಗೆ ಔಷಧಿ ಬರೆದುಕೊಟ್ಟು ಓಡಿಸಿದ್ದರು. ದೂರು ಹಿಂಪಡೆಯುವ ಕಾಗದಕ್ಕೆ ಮೇಸ್ತ್ರಿ ಸಹಿ ಹಾಕಿದ. ಅವನು ಔಷಧಿ ಅಕ್ಕನ ಮುಂದೆ ಕೈಮುಗಿದ. ಅವಳು ತಟ್ಟನೆ ಕರಗಲಿಲ್ಲ. ಬೀದಿಯಲ್ಲಿ ಬೈದದ್ದನ್ನು ಬೀದಿಯಲ್ಲೇ ಹಿಂದಕ್ಕೆ ತೆಗೆದುಕೊಳ್ಳಿ ಎಂದಷ್ಟೇ ಹೇಳಿದಳು. ಅವನು ಒಪ್ಪಿ, ಹೊರಗಿನ ಬೆಂಚಿನ ಕಡೆಗೆ ಹೊರಟ.

"ಎಲ್ಲಿಗೆ ಹೋಗ್ತಿದೀರಿ?" ಎಂದಳು ಹೆಂಗಸು ಹಾಸಿಗೆಯಿಂದ.

ಅವನು ನಿಂತ. ತಿರುಗಲಿಲ್ಲ.

"ಮೂರು ದಿನದಿಂದ ಗೋಡೆ ನೋಡ್ತಾ ಕೂತಿದೀರಿ. ಬಿಳಿ ಹಚ್ಕೊಂಡಾಗ ನೋಡಕ್ಕಾಗಲ್ಲ ಅಂದ್ರಿ. ಈಗ ಬಿಳಿ ಇಲ್ಲ. ಇಲ್ಲಿ ಬಂದು ನನ್ನ ಮುಖ ನೋಡಿ."

ಮೇಸ್ತ್ರಿ ಬಂದು ಹಾಸಿಗೆಯ ಅಂಚಿನಲ್ಲಿ ಕೂತ. ಸುಲಿದ ಕೆನ್ನೆಯಿಂದ ಊದಿದ ತುಟಿಯವರೆಗೆ, ಕಣ್ಣು ಕೀಳದೆ, ಅವಳ ಮುಖವನ್ನು ನೋಡಿದ. ಉಳಿದವರು ಒಬ್ಬೊಬ್ಬರಾಗಿ ಹೊರಗೆ ಬಂದರು, ಅಳಿಯ ಬಾಗಿಲು ಎಳೆದುಕೊಂಡ.