ಚನ್ನೇಶ ಬಿಟ್ಟ ಕೊನೆಯ ಸಾಲು

"ಉತ್ತರ ಬರಂಗಿಲ್ಲಂದ್ರ ಹುಡುಗ್ರಿಗೆ ಯಾಕ ಹೇಳಿಕೊಡ್ತೀರಿ?"

ಹಿರೇಕೆರೂರಿನ ಗೋವಿನಜೋಳದ ಗೋದಾಮಿನ ಬಾಗಿಲಲ್ಲಿ ನಿಂತು ಸಂಘಮಿತ್ರಾ ಗುಡುಗಿದಳು. ಶಾಲೆಗೆ ಹೊಸದಾಗಿ ಬಂದ ಟೀಚರ್ ಅವಳು. ಮಕ್ಕಳು ತಂದ ಹೋಮ್‌ವರ್ಕಿನಲ್ಲಿ ಲೆಕ್ಕವೆಲ್ಲ ಸರಿ, ಕೊನೆಯ ಸಾಲು ಮಾತ್ರ ಖಾಲಿ! ಕೇಳಿದರೆ ಎಲ್ಲರದೂ ಒಂದೇ ಮಾತು, ಚನ್ನೇಶಣ್ಣ ಬರೆಸಲಿಲ್ಲ.

ಆ ಚನ್ನೇಶ ಚೀಲಗಳ ನಡುವೆ ಮಕ್ಕಳೊಂದಿಗೆ ಕುಳಿತಿದ್ದ. ಎಂ.ಎಸ್ಸಿ. ಓದಿ ಅಪ್ಪನ ವ್ಯಾಪಾರ ನೋಡಿಕೊಳ್ಳುತ್ತಿದ್ದವನು. ಸಂಜೆಯಾದರೆ ಗಣಿತ, ವಿಜ್ಞಾನ, ಇಂಗ್ಲಿಷ್, ಮಕ್ಕಳು ಏನು ತಂದರೂ ಹೇಳಿಕೊಡುತ್ತಿದ್ದ.

"ಕಡೀ ಸಾಲು ಅವರದ ರೀ ಟೀಚರ್," ಎಂದು ನಕ್ಕ. "ಬರ್ರಿ, ಕುಂತ್ರಿ. ನೀವ ನೋಡ್ರಿ."

ಸೊಕ್ಕು ನೋಡು ಇವನದು! ಆದರೂ ಕುಳಿತಳು.

ಹಗಲು ರಾತ್ರಿ ಯಾಕಾಗುತ್ತದೆ? ಅದು ಪುಟ್ಟ ಗುಲ್ನಾರಳ ಪ್ರಶ್ನೆ. ಚನ್ನೇಶ ಒಂದು ಚೆಂಡಿನ ಮೇಲೆ ತಮ್ಮೂರೆಂದು ಚುಕ್ಕೆಯಿಟ್ಟು ಅವಳ ಕೈಗೆ ಕೊಟ್ಟ. ಸೂರ್ಯನೆಂದು ಮೊಬೈಲಿನ ಟಾರ್ಚ್ ಹಚ್ಚಿ ಹಿಡಿದ.

"ತಿರಗಸು," ಎಂದವನೇ ಸುಮ್ಮನಾದ.

ಹುಡುಗಿ ತಿರುಗಿಸಿದಳು. ತಲೆ ಕೆರೆದುಕೊಂಡಳು. ಮತ್ತೆ ತಿರುಗಿಸಿದಳು. ಅವನಿಗೆ ಅವಸರವೇ ಇಲ್ಲ! ಸಂಘಮಿತ್ರಾಳಿಗೇ ಚಡಪಡಿಕೆ.

"ಸೂರ್ಯ ಎಲ್ಲೂ ಹೋಗಂಗಿಲ್ಲಣ್ಣ! ನಾವ ಆಕಡೆ ತಿರಗತೇವಿ!"

'ಎಷ್ಟು ಉತ್ತರ ಬರೆಸಿದ್ದೇನೆ ನಾನು... ಒಂದು ಮುಖವೂ ಹೀಗೆ ಅರಳಲಿಲ್ಲವಲ್ಲ!' ಎಂದುಕೊಂಡಳು ಸಂಘಮಿತ್ರಾ.

ಮರುದಿನದಿಂದ ಅವಳೂ ಗೋದಾಮಿಗೆ ಬರತೊಡಗಿದಳು. ಮೊದಲು ಮಕ್ಕಳಿಗಾಗಿ. ಆಮೇಲೆ... ಅದನ್ನೂ ಬಿಡಿಸಿ ಹೇಳಬೇಕೇ?

ಅಷ್ಟರಲ್ಲಿ ಸವಣೂರಿನಿಂದ ಅವಳಿಗೊಂದು ಸಂಬಂಧ ಬಂತು. ಹೂಂ, ಊಹೂಂ ಏನಾದರೊಂದು ನಾಳೆಯೊಳಗೆ ಹೇಳು ಎಂದು ಅವ್ವ ಪಟ್ಟು ಹಿಡಿದಳು. ಚನ್ನೇಶನಿಗೆ ತಿಳಿಸಿದರೆ ಅವನು "ಹೌದ್ರಿ?" ಎಂದ. ಅಷ್ಟೇ!

ಅವಳ ಎದೆ ಒಡೆಯಿತು. ತಾನು ಸಾದಾ ಬೌದ್ಧ ಮನೆತನದ ಹುಡುಗಿ. ಅವನದು ಹೊಲ, ಅಂಗಡಿ ಇರುವ ಲಿಂಗಾಯತರ ಮನೆ. ಅದಕ್ಕೇ ಅವನು ಬಾಯಿ ಬಿಡಲಿಲ್ಲ...

ಮರುದಿನ ಮಕ್ಕಳೆಲ್ಲ ಹೋಗುವವರೆಗೆ ಹೇಗೋ ತಡೆದುಕೊಂಡಳು.

"ಇಷ್ಟ ಧೈರ್ಯ ಏನ್ರಿ ನಿಮ್ಮದು? ಜಾತಿ ಅಡ್ಡ ಬಂತೇನು?"

"ಮನ್ಯಾಗ ಹೇಳದ ನಿಮಗ ಹೆಂಗ ಆಸೆ ತೋರಸ್ಲಿ?" ಚನ್ನೇಶ ತಲೆಯೆತ್ತಿದ. "ನಿನ್ನೆ ಅವ್ವಗ ಹೇಳೇನಿ. ಅತ್ತಳು. ಆಮ್ಯಾಲ ನಿಮ್ಮ ಹೆಸರು ಕೇಳಿದಳು. ಅಪ್ಪ ಉಣ್ಣದ ಎದ್ದು ಹೋದ್ರು. ಇವತ್ತ ಮುಂಜಾನೆ 'ಊಟಕ್ಕ ಕರ್ಕೊಂಡು ಬಾ' ಅಂದ್ರು."

ಅವಳು ಪಕ್ಕದ ಚೀಲದ ಮೇಲೆ ಕುಳಿತುಬಿಟ್ಟಳು.

"ನೀವಂದ್ರ ನನಗ ಜೀವ ರೀ. ಆದ್ರ ದೊಡ್ಡ ಮನಿಯಾಂವ ಕೇಳಿದ ಅಂತ ನೀವು ಹೂಂ ಅನಬಾರದು. ನನ್ನ ಪಾಲಿನ ಸಾಲೆಲ್ಲಾ ಬಿಡಿಸೇನಿ. ಕಡೀ ಸಾಲು..." ಅವಳ ಕಡೆ ನೋಡಿದ. "ಅದು ನಿಮ್ಮದ."

ಸುಮ್ಮನಾದ. ಗುಲ್ನಾರಳಿಗೆ ಕಾದಂತೆಯೇ ಕಾದ. ಎಂಥ ಮನುಷ್ಯ ಇವನು! ಸಂಘಮಿತ್ರಾಳ ಕಣ್ಣು ತುಂಬಿ ಬಂತು.

"ಊಹೂಂ," ಎಂದಳು.

ಅವನ ಮುಖ ಬಿಳಿಚಿತು.

"ಸವಣೂರಿನವ್ರಿಗೆ ರೀ! ನಿಮಗ... ಹೂಂ." ಅಳುತ್ತಲೇ ನಕ್ಕಳು. "ಉತ್ತರ ಸರಿ ಐತಿಲ್ಲ, ಮಾಸ್ತರ?"

ಅವನು ಕಣ್ಣೊರೆಸಿಕೊಂಡ. "ಇನ್ನೊಮ್ಮೆ ಹೇಳ್ರಿ ಟೀಚರ್..."

"ದಿನಾ ಹೇಳ್ತೇನಿ. ಮೊದ್ಲ ಊಟಕ್ಕ ಕರ್ಕೊಂಡು ನಡೀರಿ!"