ಒಬ್ಬನ ಕೈಗಷ್ಟೇ ಒಲಿದ ಕಿಣ್ವ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ಠಾಣೆಯಲ್ಲಿ ಹಾಜರಿ ಮುಗಿಯುವ ಮೊದಲೇ, ದೂರು ಬಂತು. ತಂದವರು ಜೀವರಸಾಯನ ಸಂಶೋಧನಾ ಸಂಸ್ಥೆಯ ಪ್ರೊಫೆಸರ್. ಅರವತ್ತರ ಆಸುಪಾಸಿನ ಹೆಂಗಸು. ಮೈಮೇಲಿನ ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಎದ್ದು ಬಂದಿದ್ದರು. ಕೂರಿ ಎಂದರೂ ಕೂರಲಿಲ್ಲ.

"ಕಳ್ಳತನವಾ ಮೇಡಂ?" ಇನ್‌ಸ್ಪೆಕ್ಟರ್ ಕೇಳಿದರು.

"ಕದ್ದಿದ್ರೆ ವಾಪಸ್ ಸಿಗೋ ಆಸೆಯಾದ್ರೂ ಇರ್ತಿತ್ತು. ಕರಗಿಸಿಬಿಟ್ಟಿದ್ದಾರೆ."

ಇನ್‌ಸ್ಪೆಕ್ಟರಿಗೆ ಕಿಣ್ವ ಎಂದರೆ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆತ ಪದ. ಪ್ರೊಫೆಸರ್ ಅವರಿಗೆ ತಿಳಿಯುವಂತೆಯೇ ಹೇಳಿದರು. ತಾವು ಕಂಡುಹಿಡಿದ ಒಂದು ಕಿಣ್ವವನ್ನು ಕಿರುಬೆರಳಷ್ಟು ಟ್ಯೂಬುಗಳಲ್ಲಿ ತುಂಬಿಸಿ, ಹದಿನಾಲ್ಕು ವರ್ಷದಿಂದ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿದ್ದರು. ಶನಿವಾರ ಸಂಜೆಗೂ ಇವತ್ತು ಬೆಳಗಿಗೂ ನಡುವೆ ಯಾರೋ ಅದರ ಪ್ಲಗ್ ಕಿತ್ತಿದ್ದರು. ಹೊರಗಿಟ್ಟ ಹಾಲು ಕೆಡುವಂತೆ ಕಿಣ್ವವೂ ಕೆಡುತ್ತದೆ. ಕೆಟ್ಟ ಮೇಲೆ ಅದರಲ್ಲಿ ಮೊದಲು ಏನಿತ್ತು, ಎಷ್ಟಿತ್ತು ಎಂದು ಯಾರೂ ಖಡಾಖಂಡಿತವಾಗಿ ಹೇಳಲಾರರು.

"ಬೇರೆ ಮಾಡ್ಕೊಳ್ಳೋಕೆ ಆಗಲ್ವಾ?"

"ಆಗುತ್ತೆ. ಆದ್ರೆ ಆ ಮೊದಲ ವರ್ಷದ ಟ್ಯೂಬುಗಳೇ ಬೇಕು ಅಂತ ಹೊರಗಿನ ಒಂದು ಲ್ಯಾಬ್‌ನವರು ಕೇಳಿದ್ರು. ಅವರು ಮಾಡಿದ್ರೆ ಬರ್ತಿಲ್ವಂತೆ, ನಮ್ಮದನ್ನ ತರಿಸಿ ಹೋಲಿಸಿ ನೋಡ್ತಾರಂತೆ. ಇವತ್ತು ಪಾರ್ಸಲ್ ಹೋಗಬೇಕಿತ್ತು. ಇನ್‌ಸ್ಪೆಕ್ಟರ್, ನನ್ನ ಸಂಶೋಧನಾ ಪೇಪರ್ ಇನ್ನೂರ ಚಿಲ್ಲರೆ ಇವೆ. ಜನ ನನ್ನನ್ನ ಗುರುತಿಸೋದು ಈ ಕಿಣ್ವದ ಪೇಪರಿನಿಂದ. ಜಗತ್ತಿನ ಎರಡೂವರೆ ಸಾವಿರ ಪೇಪರುಗಳು ಅದನ್ನ ಆಧಾರ ಅಂತ ಹೆಸರಿಸಿವೆ. ಈಗ ಟ್ಯೂಬ್ ಇಲ್ಲ ಅಂದ್ರೆ ಏನಂತಾರೆ? ಬೇಕಂತಲೇ ಕರಗಿಸಿದ್ಲು ಅಂತಾರೆ."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನು ಬಂತು, ಗೊತ್ತೇ ಇದೆ. ನನ್ನ ಸಂಶೋಧನಾ ವಿದ್ಯಾರ್ಥಿನಿ. ತಿಂಗಳ ಹಿಂದೆ ಎಲ್ಲರ ಮುಂದೆ 'ಆ ಫ್ರೀಜರಿಗೆ ಬೆಂಕಿ ಬೀಳಲಿ' ಅಂದಿದ್ದಾಳೆ."

ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಹೊರಟಾಗ ಜೊತೆಗೆ ಬಂದವನು ಠಾಣೆಯಲ್ಲೆಲ್ಲ ಗೊಣಗಣ್ಣ ಎಂದು ಹೆಸರಾದ ಹೆಡ್ ಕಾನ್‌ಸ್ಟೇಬಲ್. ಊರಲ್ಲಿ ಸರಗಳ್ಳರು ಆರಾಮಾಗಿ ಓಡಾಡಿಕೊಂಡಿರುವಾಗ ಫ್ರಿಜ್ಜಿನ ಪ್ಲಗ್ ಕಿತ್ತವನನ್ನು ಹುಡುಕಲು ಹೊರಟೆವಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದ.

ಪ್ರಯೋಗಾಲಯ ಎರಡನೇ ಮಹಡಿಯ ತುದಿಯಲ್ಲಿತ್ತು. ಹಜಾರದಲ್ಲಿ ಬೀರುವಿನಷ್ಟು ಎತ್ತರದ ಎರಡು ಫ್ರೀಜರುಗಳು. ಒಂದು ಗುಂಯ್ ಎನ್ನುತ್ತಿತ್ತು, ಇನ್ನೊಂದರ ಕೆಳಗೆ ನೀರು ನಿಂತಿತ್ತು. ಅದರ ಅಲಾರಂ ಕೆಟ್ಟು ಎರಡು ತಿಂಗಳಾಗಿತ್ತು. ಒಳಗಿನವರಿಗೆಲ್ಲ ಅದು ಗೊತ್ತಿದ್ದ ವಿಷಯ. ಬಾಗಿಲ ಬೀಗ ಮುರಿದಿರಲಿಲ್ಲ. ಪಕ್ಕದ ವಿಭಾಗದ ಇಬ್ಬರು ಗುಮಾಸ್ತರನ್ನು ಪಂಚರಾಗಿ ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು.

ಪ್ರೊಫೆಸರಿಗೆ ಕುರ್ಚಿ ತಂದು ಹಾಕಿ, ನೀರು ಕೊಟ್ಟು, "ಅಕ್ಕ, ಸ್ವಲ್ಪ ಕೂತ್ಕೊಳ್ಳಿ" ಎಂದು ಉಪಚರಿಸಿದವನು ನಲವತ್ತೈದರ ಒಬ್ಬ ಮೆತ್ತಗಿನ ಮನುಷ್ಯ. ಅವರಲ್ಲೇ ಕಲಿತು, ಅವರಲ್ಲೇ ಕೆಲಸಕ್ಕೆ ನಿಂತವನು. ಲ್ಯಾಬಿನವರು ಅವನನ್ನು ಕರೆಯುತ್ತಿದ್ದದ್ದು ಕೈಗುಣ ಎಂದು. ಪೊಲೀಸರು ಕೇಳಿದ್ದಕ್ಕೆಲ್ಲ ಅವನೇ ತಾಳ್ಮೆಯಿಂದ ಉತ್ತರ ಕೊಟ್ಟ.

ಗೊಣಗಣ್ಣ ಕರಗಿದ ಫ್ರೀಜರಿನ ಬಾಗಿಲು ತೆಗೆದ. ಅಷ್ಟು ದೊಡ್ಡದರಲ್ಲಿ ಡಬ್ಬಿಗಳಿದ್ದದ್ದು ಒಂದೇ ಅಂಕಣದಲ್ಲಿ, ಎಲ್ಲವೂ ಆ ಕಿಣ್ವದವು. ಉಳಿದದ್ದೆಲ್ಲ ಖಾಲಿ.

"ಇದರಲ್ಲಿ ಇಷ್ಟೇ ಇತ್ತಾ?"

ಹಿಂದೆ ನಿಂತಿದ್ದ ಕಿರಿಯ ಸಂಶೋಧಕಿಯೊಬ್ಬಳು ಮುಂದೆ ಬಂದಳು. "ಇಲ್ಲ ಸರ್, ತುಂಬಿ ತುಳುಕ್ತಿತ್ತು. ನನ್ನ ಡಬ್ಬಿನೂ ಇದರಲ್ಲೇ ಇತ್ತು."

ಚೆನ್ನಾಗಿದ್ದ ಫ್ರೀಜರನ್ನು ತೆರೆದು ನೋಡಿದರೆ ಅಲ್ಲಿ ಇರುಕಿಸಿ ಇರುಕಿಸಿ ಇಟ್ಟಿದ್ದರು, ಎಲ್ಲರ ಡಬ್ಬಿಗಳನ್ನೂ. ಒಂದು ಟ್ಯೂಬೂ ಕರಗಿರಲಿಲ್ಲ. ಪಾರ್ಸಲ್ಲಿಗೆಂದು ಶುಕ್ರವಾರ ತರಿಸಿದ್ದ ಡ್ರೈ ಐಸ್ ಪೆಟ್ಟಿಗೆ ಹಜಾರದ ಮೂಲೆಯಲ್ಲಿ ಬಾಯಿ ತೆರೆದು ಬಿದ್ದಿತ್ತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಐದು ನಿಮಿಷದಲ್ಲೂ ಡಬ್ಬಿ ಬಿಸಿಯಾಗಬಾರದೆಂದು ಅದರ ಮೇಲಿಟ್ಟು ಸಾಗಿಸಿದ್ದರು.

"ನೋಡಿ, ನಾನು ಹೇಳಿದ ಆ ವಿದ್ಯಾರ್ಥಿನಿಯ ಡಬ್ಬಿಯೂ ಇಲ್ಲೇ ಇದೆ. ಕೂದಲೂ ಕೊಂಕಿಲ್ಲ," ಎಂದರು ಪ್ರೊಫೆಸರ್.

"ಎಲ್ಲರದ್ದೂ ಹಾಗೇ ಇದೆಯಲ್ಲ ಮೇಡಂ," ಎಂದರು ಇನ್‌ಸ್ಪೆಕ್ಟರ್. ವಿದ್ಯಾರ್ಥಿನಿಯ ಡಬ್ಬಿಯನ್ನೂ ಕೇಸಿನ ಸಾಕ್ಷ್ಯವಸ್ತು, ಅಂದರೆ ಮುದ್ದೆಮಾಲು, ಎಂದು ವಶಕ್ಕೆ ಪಡೆದು, ಡ್ರೈ ಐಸಿನಲ್ಲಿ ಮುಚ್ಚಿ ಅರಗು ಹಾಕಿಸಿದರು. ಕೈಗುಣ ಆಗ ಹಜಾರದಲ್ಲಿರಲಿಲ್ಲ. ಪ್ರೊಫೆಸರಿಗೆ ಕಾಫಿ ತರಲು ಹೋಗಿದ್ದ.

ವಿದ್ಯಾರ್ಥಿನಿಯ ವಿಚಾರಣೆ ಅಂದೇ ಮಧ್ಯಾಹ್ನ ನಡೆಯಿತು. ಮಹಿಳಾ ಕಾನ್‌ಸ್ಟೇಬಲ್ ಪಕ್ಕದಲ್ಲಿ ಕೂತಿದ್ದಳು. ಹುಡುಗಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಆದರೆ ಮಾತು ತೊದಲಲಿಲ್ಲ.

"ಬೆಂಕಿ ಬೀಳಲಿ ಅಂದಿದ್ದು ನಿಜವಾ?"

"ನಿಜ. ಮೂರು ವರ್ಷದಿಂದ ಆ ಕಿಣ್ವ ಮಾಡ್ತಾ ಇದ್ದೀನಿ. ನಾನು ಮಾಡಿದ್ದು ಒಂದು ದಿನಾನೂ ಕೆಲಸ ಮಾಡಲಿಲ್ಲ. ಮೀಟಿಂಗಲ್ಲಿ ಅದನ್ನೇ ಹೇಳಿದೆ. 'ನಿನಗೆ ಕೈ ಇಲ್ಲ' ಅಂತ ಮೇಡಂ ಹೊಸ ಪೇಪರಿನಿಂದ ನನ್ನ ಹೆಸರು ತೆಗೆದರು. ಸಿಟ್ಟು ಬರಲ್ವಾ?"

"ಸಿಟ್ಟಲ್ಲಿ ಪ್ಲಗ್ ಕಿತ್ತಿರಿ."

"ಯಾಕೆ ಕೀಳಲಿ ಸರ್? ಹೊರಗಿನವರು ಆ ಟ್ಯೂಬ್ ಪರೀಕ್ಷೆ ಮಾಡಿದ್ರೆ ತಪ್ಪು ನನ್ನದಲ್ಲ ಅಂತ ಗೊತ್ತಾಗ್ತಿತ್ತು. ಈ ಸೋಮವಾರಕ್ಕೇ ನಾನು ಕಾಯ್ತಾ ಇದ್ದೆ. ಈಗ ಡಿಗ್ರಿನೂ ಹೋಯ್ತು, ಕಳ್ಳಿ ಅನ್ನೋ ಹೆಸರೂ ಬಂತು."

"ಹಾಗಾದ್ರೆ ಕೆಲಸ ಮಾಡೋ ಕಿಣ್ವ ನಿಮಗೆ ಎಲ್ಲಿಂದ ಬರ್ತಿತ್ತು?"

"ಕೈಗುಣ ಸರ್ ಕೊಡೋರು. ಆ ಕಿಣ್ವ ಅವರೊಬ್ಬರ ಕೈಗೇ ಬರೋದು. ಅದಕ್ಕೇ ತಾನೆ ಕೈಗುಣ ಅಂತ ಹೆಸರು. ಆರು ಲ್ಯಾಬ್‌ಗಳು ನಮ್ಮ ಜೊತೆ ಸೇರಿ ಪೇಪರ್ ಬರೆದಿವೆ, ಆರಕ್ಕೂ ಇವರೇ ಮಾಡಿ ಕಳಿಸಿದ್ದು."

ಇನ್‌ಸ್ಪೆಕ್ಟರ್ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ಹಿಂದೆ ಕೆಲಸ ಮಾಡಿದ ಠಾಣೆಯಲ್ಲಿ ಒಬ್ಬ ಪೇದೆಯಿದ್ದ. ಯಾವ ಮನೆ ಶೋಧಿಸಿದರೂ ಕಳವಿನ ಮಾಲು ಸಿಗುತ್ತಿದ್ದದ್ದು ಅವನ ಕೈಗೇ. ಏನು ಕೈಗುಣವಪ್ಪಾ ಎಂದು ಇಡೀ ಠಾಣೆ ಕೊಂಡಾಡಿತು. ಕೊನೆಗೊಂದು ದಿನ ತಿಳಿಯಿತು, ಮಾಲನ್ನು ಮೊದಲು ಅಲ್ಲಿಗೆ ಒಯ್ದು ಇಡುತ್ತಿದ್ದವನೂ ಅವನೇ. ಅಡುಗೆಗೆ ಕೈಗುಣ ಇರಬಹುದು, ವೈದ್ಯಕ್ಕೂ ಇರಬಹುದು. ನೂರು ಜನ ಮಾಡಿದರೂ ಒಂದೇ ಉತ್ತರ ಬರಬೇಕಾದ ಜಾಗದಲ್ಲಿ ಒಬ್ಬನಿಗೆ ಮಾತ್ರ ಬರುತ್ತಿದೆಯೆಂದರೆ ಅವನ ಕೈಯನ್ನೇ ನೋಡಬೇಕು ಎಂದು ಅವರಿಗೆ ಅನಿಸಿತು.

"ಅವರು ಕೊಟ್ಟ ಟ್ಯೂಬು ನಿಮ್ಮ ಡಬ್ಬಿಯಲ್ಲಿ ಇದೆಯಾ?"

"ನಾಲ್ಕೋ ಐದೋ ಇರಬೇಕು."

ಮರುದಿನವೇ ಡಬ್ಬಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು. ಹುಡುಗಿಯನ್ನು ಯಾಕೆ ಇನ್ನೂ ಬಂಧಿಸಿಲ್ಲ ಎಂದು ಸಂಸ್ಥೆಯಿಂದ ದಿನಕ್ಕೆರಡು ಫೋನ್ ಬಂದವು. ತನಿಖೆ ನಡೀತಿದೆ ಎಂದು ಇನ್‌ಸ್ಪೆಕ್ಟರ್ ಒಂದೇ ಉತ್ತರ ಕೊಟ್ಟರು. ಎರಡು ವಾರಕ್ಕೆ ವರದಿ ಕೈ ಸೇರಿತು. ಹುಡುಗಿ ತಾನೇ ಮಾಡಿದ ಟ್ಯೂಬುಗಳಲ್ಲಿ ಪ್ರೊಫೆಸರಿಗೆ ಹೆಸರು ತಂದ ಕಿಣ್ವವಿತ್ತು, ಅದು ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಕೈಗುಣ ಕೊಟ್ಟ ಟ್ಯೂಬುಗಳಲ್ಲಿ ಅದರ ಜೊತೆಗೆ ಇನ್ನೊಂದು ಕಿಣ್ವವೂ ಬೆರೆತಿತ್ತು. ಯಾವ ಲ್ಯಾಬಾದರೂ ಕೊಂಡುಕೊಳ್ಳಬಹುದಾದ ಮಾಮೂಲಿ ಕಿಣ್ವ. ಕೆಲಸವನ್ನೆಲ್ಲ ಅದೇ ಮಾಡುತ್ತಿತ್ತು.

"ಅಂದ್ರೆ ನೀರಿಗೆ ಹಾಲು ಬೆರೆಸಿ, ನೋಡಿ ನಮ್ಮ ನೀರು ಎಷ್ಟು ಬೆಳ್ಳಗಿದೆ ಅಂದ ಹಾಗಾಯ್ತು," ಎಂದ ಗೊಣಗಣ್ಣ. ಆ ದಿನ ಅವನು ಆಡಿದ್ದು ಅದೊಂದೇ ಮಾತು.

ಕೈಗುಣನನ್ನು ಅಂದೇ ಮಧ್ಯಾಹ್ನ ಮೂರಕ್ಕೆ ಠಾಣೆಗೆ ಕರೆಸಿದರು. ವರದಿಯನ್ನು ಅವನ ಮುಂದಿಟ್ಟರು. ಓದಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಪ್ಲಗ್ ನೀವೇ ಕಿತ್ತಿದ್ದಾ?"

"ಹೌದು ಸರ್."

"ಯಾಕೆ?"

"ಮೊದಲ ವರ್ಷದ ಟ್ಯೂಬ್ ಹೊರಗೆ ಹೋದ್ರೆ ಮುಗೀತು ಅನ್ನಿಸ್ತು. ಪ್ಲಗ್ ಸಡಿಲಾಗಿ ಬಿದ್ದಿದೆ ಅಂದ್ಕೋತಾರೆ ಅಂತ ಇದ್ದೆ."

"ಹಾಗೆ ಅಂದ್ಕೋಬೇಕಾದ್ರೆ ಎಲ್ಲಾ ಡಬ್ಬಿಗಳನ್ನೂ ಅದರಲ್ಲೇ ಬಿಡಬೇಕಿತ್ತು. ಬೇರೆಯವರದ್ದನ್ನ ಎತ್ತಿಟ್ಟಿದ್ದರಿಂದಲೇ ತಾನೆ ಇದು ಬೇಕಂತ ಮಾಡಿದ್ದು ಅಂತ ಗೊತ್ತಾಗಿದ್ದು?"

ಅವನು ಇನ್‌ಸ್ಪೆಕ್ಟರ್ ಮುಖವನ್ನೇ ನೋಡಿದ. ಇಷ್ಟೂ ತಿಳಿಯದ ಮನುಷ್ಯನ ಮುಂದೆ ಕೂತಿದ್ದೇನೆಯೇ ಎನ್ನುವಂತಿತ್ತು ಆ ನೋಟ.

"ಬೇರೆಯವರ ಸ್ಯಾಂಪಲ್ ಹೇಗೆ ಸರ್ ಕರಗಿಸೋದು?"

"ಆ ಹುಡುಗಿ ಡಬ್ಬಿಯಲ್ಲಿ ನೀವು ಕೊಟ್ಟ ಟ್ಯೂಬ್ ಇದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ. ಮೂರು ವರ್ಷದ ಕೆಲಸ ಅವಳದ್ದು. ಮನಸ್ಸು ಬರಲಿಲ್ಲ."

"ಅವಳ ಮೇಲೆ ಗೂಬೆ ಕೂರಿಸಿದಾಗ ಬಾಯಿಗೆ ಬೀಗ ಹಾಕ್ಕೊಂಡು ಕೂರೋಕೆ ಮಾತ್ರ ಮನಸ್ಸು ಬಂತು."

ಇನ್‌ಸ್ಪೆಕ್ಟರಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಹುಡುಗಿಯ ಊದಿದ ಮುಖ ಕಣ್ಣ ಮುಂದೆಯೇ ಇತ್ತು. ಆಮೇಲೆ ಅವನು ತಾನಾಗಿಯೇ ಹೇಳತೊಡಗಿದ. ಮೊದಲನೇ ಸಲ ಬೇಕೆಂದು ಮಾಡಿದ್ದಲ್ಲ. ಬೇರೊಂದು ಪ್ರಯೋಗಕ್ಕೆ ತರಿಸಿದ್ದ ಆ ಮಾಮೂಲಿ ಕಿಣ್ವ ಹೇಗೋ ಸೇರಿಕೊಂಡಿತ್ತು. ಅದು ಅವನಿಗೆ ಹೊಳೆಯುವ ಹೊತ್ತಿಗೆ ಪೇಪರ್ ಅಚ್ಚಾಗಿತ್ತು. ಅವರ ಕೆಲಸದಲ್ಲಿ ಪೇಪರಿನ ಮೊದಲ ಹೆಸರು ಕೈಯಾರೆ ಪ್ರಯೋಗ ಮಾಡಿದವನದು, ಕೊನೆಯ ಹೆಸರು ಲ್ಯಾಬ್ ನಡೆಸುವವರದು. ಹಿರಿಯರೆಲ್ಲ ಬೇಡವೆಂದರೂ ಪ್ರೊಫೆಸರ್ ಹಟ ಹಿಡಿದು ಅವನ ಹೆಸರನ್ನೇ ಮೊದಲು ಹಾಕಿಸಿದ್ದರು.

"ಹೇಳಿಬಿಡಬಹುದಿತ್ತಲ್ಲ?"

"ಹೇಳೋಕೆ ಹೋಗಿದ್ದೆ. ಅಕ್ಕ ಫೋನಿನಲ್ಲಿದ್ರು, ಯಾರೋ ದೊಡ್ಡವರು ಹೊಗಳ್ತಿದ್ರು. ಅವರು ಅಷ್ಟು ನಗೋದನ್ನ ನಾನು ಅವತ್ತೇ ನೋಡಿದ್ದು. ಆಮೇಲೆ ಬಾ ಅಂತ ಸನ್ನೆ ಮಾಡಿದ್ರು."

"ಆಮೇಲೆ?"

"ಆಮೇಲೆ ಹೋಗಲಿಲ್ಲ. ಮುಂದಿನ ಸಲ ಬೆರೆಸಿದೆ. ಅದರ ಮುಂದಿನ ಸಲವೂ."

ಸಂಜೆ ಐದೂಕಾಲಿಗೆ ಬಂಧನವಾಯಿತು. ಪ್ರೊಫೆಸರಿಗೆ ಇನ್‌ಸ್ಪೆಕ್ಟರ್ ತಾವೇ ಫೋನ್ ಮಾಡಿದರು. ಅವರು ಬಂದು, ಈ ಸಲ ಹೇಳುವ ಮೊದಲೇ ಕುರ್ಚಿಯಲ್ಲಿ ಕುಸಿದರು. ಮೊದಲಿಗೆ ನಂಬಲಿಲ್ಲ. ವರದಿಯನ್ನು ಎರಡು ಸಲ ಓದಿದರು.

"ಇಪ್ಪತ್ತು ವರ್ಷ ನನ್ನನ್ನ ಅಕ್ಕ ಅಂದಿದ್ದಾನೆ," ಎಂದರು. "ಬೆನ್ನಿಗೆ ಚೂರಿ ಹಾಕಿದ್ದು ಬೇರೆ ಯಾರಾದ್ರೂ ಆಗಿದ್ದಿದ್ರೆ ತಡ್ಕೋತಿದ್ದೆ."

ಇನ್‌ಸ್ಪೆಕ್ಟರ್ ಆ ಫೋನಿನ ದಿನದ ವಿಷಯವನ್ನು ಹೇಳಬೇಕೋ ಬೇಡವೋ ಎಂದು ತೂಗಿ ನೋಡಿ, ಹೇಳಿದರು. ಪ್ರೊಫೆಸರ್ ಮೇಜಿನ ಅಂಚನ್ನು ಸವರಿದರು.

"ಬಂದಿದ್ದ. ನೆನಪಿದೆ. ಬಾಗಿಲಲ್ಲಿ ನಿಂತಿದ್ದ, ಮುಖ ಸರಿ ಇರಲಿಲ್ಲ. ಯಾಕೆ ಬಂದಿದ್ದೆ ಅಂತ ನಾನೂ ಆಮೇಲೆ ಕೇಳಲಿಲ್ಲ." ವರದಿಯನ್ನು ಮಡಿಸಿಟ್ಟು, "ಆ ಹುಡುಗಿಗೆ ಕೈ ಇಲ್ಲ ಅಂದೆ ನಾನು. ಸರಿಯಾಗಿ ಮಾಡಿದವಳು ಅವಳೊಬ್ಬಳೇ," ಎಂದರು.

ಆರೋಪಿಯನ್ನು ಒಂದು ನಿಮಿಷ ನೋಡಬೇಕೆಂದರು. ಇನ್‌ಸ್ಪೆಕ್ಟರ್ ಜೊತೆಗೇ ಹೋಗಿ ನಿಂತರು. ಕಂಬಿಯ ಆಚೆ ಅವನು ಎದ್ದು ನಿಂತ. ಬೈಯುತ್ತಾರೆ ಎಂದು ಇನ್‌ಸ್ಪೆಕ್ಟರ್ ಅಂದುಕೊಂಡಿದ್ದರು. ಬೈದಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು.

"ಒಂದೇ ಒಂದು ವಿಷಯ ಹೇಳು," ಎಂದರು ಪ್ರೊಫೆಸರ್. ಧ್ವನಿ ಪಾಠ ಹೇಳುವಾಗಿನಷ್ಟೇ ಸಮವಾಗಿತ್ತು. "ಏನೂ ಬೆರೆಸದೆ ಬಿಟ್ಟಾಗ, ಈ ಹದಿನಾಲ್ಕು ವರ್ಷದಲ್ಲಿ ಒಂದು ಸಲವಾದ್ರೂ ಅದು ಕೆಲಸ ಮಾಡ್ತಾ?"

ಅವನು ಸುಳ್ಳು ಹೇಳಬಹುದಿತ್ತು, ಅಭ್ಯಾಸವೂ ಇತ್ತು.

"ಇಲ್ಲ ಅಕ್ಕ. ಪ್ರತಿ ವರ್ಷ ಒಂದು ಸಲ ಮಾಡಿ ನೋಡ್ತಿದ್ದೆ. ಬರಲಿಲ್ಲ."

ಪ್ರೊಫೆಸರ್ ತಲೆಯಾಡಿಸಿದರು. ಅಕ್ಕ ಎನ್ನಬೇಡ ಎಂದು ಹೇಳಲಿಲ್ಲ, ಆ ಕರೆಗೆ ಓಗೊಡಲೂ ಇಲ್ಲ. ಚೀಲ ತೆಗೆದುಕೊಂಡು, ಹುಡುಗಿಯ ಮನೆ ಎಲ್ಲಿ ಎಂದು ಮಹಿಳಾ ಕಾನ್‌ಸ್ಟೇಬಲ್ಲನ್ನು ಕೇಳಿದರು. ಮೂರು ವರ್ಷ ತಮ್ಮ ಕೈಕೆಳಗೆ ದುಡಿದವಳ ಮನೆ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ.